ಅಮ್ಮ ಹೇಳಿದ್ದು, ನಾನು ಓದಿದ್ದು

ಮಾರ್ಚ್ ೧೨, ಗುರುವಾರ

ಪ್ರೀತಿಯ ಗುಬ್ಬಿ,

ಚೆನ್ನಾಗಿದ್ದೀಯಾ? ನಿನ್ನ ಮೂರು ಪತ್ರಗಳಿಗೂ ಸೇರಿಸಿ ಒಂದೇ ಉತ್ತರ, ಬೈಯಬೇಡ. ಬರೆಯಲು ನಿನ್ನಪ್ಪ ಹಿಂಜರಿದದ್ದು ಇದೇ ಮೊದಲು. ನಮ್ಮ ನೀರು ಸರಬರಾಜು ಕಚೇರಿಯ ಗೋಡೆಗೆ ‘ನಲ್ಲಿ ನಿಲ್ಲಿಸಿ, ನಾಳೆಗೆ ಉಳಿಸಿ’ ಎಂದು ಬರೆಸಿದವನು ನಾನೇ ಅಲ್ಲವೇ! ಅದರ ಕೆಳಗಿನ ನಲ್ಲಿ ಈಗಲೂ ಸೋರುತ್ತಿದೆ. ಪ್ರಾಸ ಮಾತ್ರ ಗಟ್ಟಿಯಾಗಿದೆ.

ನಿನ್ನ ಅಮ್ಮನನ್ನು ಮತ್ತೆ ಆಸ್ಪತ್ರೆಗೆ ಸೇರಿಸಿದ್ದೇನೆ. ಹದಿನೈದು ದಿನಗಳಿಂದ ಅವಳು ಯಾರೊಡನೆಯೂ ಮಾತಾಡಿಲ್ಲ. ತಪ್ಪು ನನ್ನದು. ಫೋನಿನಲ್ಲಾದರೆ ಏನೋ ತಮಾಷೆ ಮಾಡಿ ಜಾರಿಕೊಳ್ಳುತ್ತೇನೆಂದು ಕಾಗದದಲ್ಲಿ ಹೇಳುತ್ತಿದ್ದೇನೆ.

ಬುಧವಾರಗಳಂದು ಅವಳನ್ನು ಕರೆದೊಯ್ಯುತ್ತಿದ್ದೆನಲ್ಲ, ಆ ಖಿನ್ನತೆಯವರ ಗುಂಪಿನಲ್ಲಿ ಪ್ರತಿಯೊಬ್ಬರೂ ಮೂರು ಸಾಲಿನ ಕವಿತೆ ಬರೆದು ಓದಬೇಕು. “ಚೆಂದ ಬೇಡ, ನಿಜ ಇದ್ರೆ ಸಾಕು,” ಎಂದು ಸಮಾಲೋಚಕಿ ಮೇಡಂ ಮೊದಲ ದಿನವೇ ಹೇಳಿದ್ದರು. ಮಾತ್ರೆಗಳಿಂದ ಅಮ್ಮನ ಕೈ ನಡುಗುತ್ತಿತ್ತು. ಅವಳು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು, ನಾನು ಬರೆದು ಓದುತ್ತಿದ್ದೆ. ಕೊನೆಯ ಸಲ ಅವಳು ಹೇಳಿದ್ದು ಇದು:

ಮನೆ ತುಂಬ ನಗು.
ನನ್ನ ಅಳು ಬಂದರೆ
ಕೂರಲು ಜಾಗವಿಲ್ಲ.

ನಾನು ಓದಿದ್ದು:

ಮನೆಯಲ್ಲಿ ನಗು ಬಹಳ,
ಮನಸಿಗಿಲ್ಲ ಕಳವಳ,
ಬದುಕೆಷ್ಟು ಸರಳ!

ಎಲ್ಲರೂ ಚಪ್ಪಾಳೆ ತಟ್ಟಿದರು. “ಅಕ್ಕಾ, ನೀವು ಗೆದ್ದುಬಿಟ್ರಿ! ನಂದು ಇನ್ನೂ ಫಸ್ಟ್ ಗೇರಲ್ಲೇ ಇದೆ,” ಎಂದರು ಪಕ್ಕದಲ್ಲಿದ್ದ ನಿವೃತ್ತ ಡ್ರೈವರ್. ಅಮ್ಮ ನೆಲ ನೋಡುತ್ತಿದ್ದಳು.

ನಾಲ್ಕು ವಾರ ಹೀಗೇ ತಿದ್ದಿದ್ದೆ, ಗುಬ್ಬಿ. ಅಷ್ಟು ಜನರೆದುರು ನಮ್ಮ ಮನೆಯ ಗೋಳನ್ನು ಓದಲು ನನಗೆ ನಾಚಿಕೆಯಾಯಿತು. ಪ್ರಾಸ ಒಂದು ನೆಪ. ಅಂದೇ ಮೇಡಂ “ತುಂಬಾ ಸುಧಾರಿಸಿದಾರೆ” ಎಂದು ವಾರದ ಭೇಟಿಯನ್ನು ತಿಂಗಳಿಗೊಮ್ಮೆ ಮಾಡಿದರು. ನಾನು ಖುಷಿಯಿಂದ ತಲೆಯಾಡಿಸಿದೆ.

ಬಸ್ಸಿನಲ್ಲಿ ಅಮ್ಮ ಕೇಳಿದಳು, “ನಾನು ಹಾಗೆ ಹೇಳಿದ್ನಾ?”

“ಸ್ವಲ್ಪ ಒಪ್ಪ ಮಾಡ್ದೆ ಕಣೇ, ಅಷ್ಟೇ.”

“ಸರಿ ಬಿಡಿ.”

ಅದೇ ಅವಳ ಕೊನೆಯ ಮಾತು.

ಮೊನ್ನೆ ಮೇಡಂ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. “ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೆಯೋರು ಮನೇಲಿ ಯಾರಾದ್ರೂ ಇದಾರಾ ಸಾರ್?” ಎಂದಷ್ಟೇ ಕೇಳಿದರು. “ಮಗಳಿದಾಳೆ,” ಎಂದೆ. ಪರೀಕ್ಷೆ ಮುಗಿದ ಕೂಡಲೇ ಬಾ, ತಾಯಿ. ಅವಳ ಪಕ್ಕ ನೀನು ಕೂತುಕೋ. ನಾನು ಹೊರಗಿನ ಬೆಂಚಿನಲ್ಲಿರುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ನಿದ್ದೆಗೆಡಬೇಡ. ನಿನ್ನ ಮಾತಿಗೆ ಕಿವಿಗೊಡುವವರು ಸದಾ ನಿನ್ನ ಜೊತೆಗಿರಲಿ ಎಂದು ಹರಸುವ,

ನಿನ್ನ ಅಪ್ಪ

ತಾ.ಕ.: ನಿನ್ನೆ ಮಧ್ಯಾಹ್ನ ಅಮ್ಮ ನನ್ನತ್ತ ನೋಡಿ ತುಟಿ ಅಲುಗಿಸಿದಳು. ಬಾಗಿದೆ. ಕಿವಿಗೊಡುವ ಮೊದಲೇ ನನ್ನ ಕೈ ಜೇಬಿನ ಪೆನ್ನಿಗೆ ಹೋಯಿತು. ಅವಳು ಅದನ್ನು ನೋಡಿದಳು. ಬಾಯಿ ಮುಚ್ಚಿ, ಗೋಡೆಯ ಕಡೆ ಮಗ್ಗುಲಾದಳು.