ಸೋಫಾ ಮೇಲಿನ ಕಾವಲುನಾಯಿ

ಕ್ಲೈವ್,

ನರಿ ಮತ್ತೆ ಎರಡು ಕುರಿಮರಿ ಹೊತ್ತುಕೊಂಡು ಹೋಗಿದೆ. ಕಾವಲಿಗೆಂದು ತಂದ ನಾಯಿ ಎಲ್ಲಿತ್ತು ಗೊತ್ತೇನೋ? ಸೋಫಾ ಮೇಲೆ, ಅಮ್ಮನ ಶಾಲು ಹೊದ್ದು ಗೊರಕೆ ಹೊಡೀತಿತ್ತು!

ನರಿಗೆ ವಿಷ ಇಡೋಣ ಅಂದರೆ ಬೇಡ, ನಾಯಿ ಸಾಕೋಣ ಅಂದವನು ನೀನೇ. ಅದು ಕುರಿಗಳ ಜೊತೆಗೇ ಬೆಳೀಬೇಕು, ಮನೆಯೊಳಗೆ ಬಿಡಬೇಡ ಅಂತ ಬಡ್ಕೊಂಡೆ. ನೀನು "ಪಾಪ ಅದು, ಅಕ್ಕ, ಆಗಸ್ಟ್ ಅಂದರೆ ಕೊರೆಯೋ ಚಳಿಗಾಲ" ಅಂತ ಒಳಗೆ ಬಿಟ್ಕೊಂಡೆ. ಈಗ ಅದಕ್ಕೆ ಕುರಿ ಕಂಡರೇ ಹೆದರಿಕೆ.

ನಾನು ಬೇಲಿ ಸರಿಮಾಡೋಕೆ ಹೋಗ್ತಿದೀನಿ. ತಬ್ಬಲಿ ಕುರಿಮರಿಗೆ ಹಾಲು ಬೆಚ್ಚಗೆ ಮಾಡಿ ಕುಡಿಸು. ನಾಯಿಗೆ ಕಾಂಗರೂ ಮಾಂಸ ಕುರಿಹಿಂಡಿನ ನಡುವೆಯೇ ಹಾಕು. ಅಡುಗೆಮನೇಲಿ ಒಂದು ಚೂರು ಹಾಕಿದರೂ ಕೈ ಮುರೀತೀನಿ.

ಇವತ್ತಿಂದ ಅದು ಅಲ್ಲೇ ಮಲಗಬೇಕು. ನೀನಿಲ್ಲದೆ ಮಲಗಲ್ಲ ಅಂತೀಯಲ್ಲ, ನಿನ್ನ ಹಾಸಿಗೆಯನ್ನೂ ಕುರಿಗಳ ಮಧ್ಯೆ ಹಾಕಿಟ್ಟಿದ್ದೀನಿ. ಅಮ್ಮನ ಶಾಲು ನಾಯಿಗಲ್ಲ, ನೀನು ಹೊದ್ದುಕೋ.

ಅಕ್ಕ