ದೋಣಿಯ ಮುಂದಿನ ಸೀಟು

ಅಪ್ಪಾ,

ನೀನು ಓದುವುದಿಲ್ಲವೆಂದು ಗೊತ್ತಿರುವುದರಿಂದಲೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಇವತ್ತು ಹೆಂಡತಿ, ಇಬ್ಬರು ಮಕ್ಕಳ ಜೊತೆ ಸಮುದ್ರದಲ್ಲಿ, ದಡದ ಹತ್ತಿರವೇ, ಗಾಳ ಹಾಕಲು ಹೋಗಿದ್ದೆ. ಗೈಡನ್ನು ಗೊತ್ತು ಮಾಡಿದ್ದು ಅವಳೇ. ನೀನೂ ಇದೇ ಕೆಲಸದಲ್ಲಿದ್ದೆ ಎಂದು ಅವಳಿಗೆ ಹೇಳಿಲ್ಲ. ನಮ್ಮಪ್ಪನಿಗೆ ಅಂಗಡಿಯಿತ್ತು ಎಂದಿದ್ದೇನೆ. ದೋಣಿ ನೋಡಿದೊಡನೆ ಗುರುತು ಸಿಕ್ಕಿತು. ಬಣ್ಣ ಬದಲಾಗಿದ್ದರೂ ಅದು ನಿನ್ನದೇ.

ಮಗಳ ಗಾಳಕ್ಕೆ ಸೀಗಡಿ ಸಿಕ್ಕಿಸುತ್ತಾ ಗೈಡ್ ಹೇಳಿದ: "ಇದು ನನಗೆ ಕೆಲಸ ಕಲಿಸಿದ ಯಜಮಾನರ ದೋಣಿ. ನಾಲ್ಕು ಸೀಟಿದ್ರೂ ಮೂರೇ ಜನರನ್ನ ಹತ್ತಿಸ್ಕೊಳ್ತಿದ್ರು. ಮುಂದಿನದು ಮಗನಿಗಂತೆ. 'ಇವತ್ತಲ್ಲ ನಾಳೆ ಬಂದೇ ಬರ್ತಾನೆ ಕಣೋ' ಅಂತಿದ್ರು."

ನಾನು ಕೂತಿದ್ದದ್ದು ಅದೇ ಸೀಟಿನಲ್ಲಿ.

"ಆಮೇಲೆ ಬಂದ್ರಾ?" ಎಂದಳು ಮಗಳು.

"ಎಲ್ಲಿ ಬಂದ ಪುಟ್ಟಿ! ಕೊನೆಗೆ ಮಣ್ಣಿಗೂ ಬರಲಿಲ್ಲ, ಪುಣ್ಯಾತ್ಮ."

"ಎಂಥೆಂಥಾ ಜನ ಇರ್ತಾರಪ್ಪಾ," ಎಂದು ಹೆಂಡತಿ ನನ್ನ ಮುಖ ನೋಡಿದಳು. ನಾನೂ ಹೌದೆಂದು ತಲೆಯಾಡಿಸಿದೆ.

ಆಮೇಲೆ ಬಿಸಿಲು ಹೊಡೆಯುತ್ತಿದೆ ಎಂದು ನೆಪ ಹೇಳಿ, ಹಿಂದೆ ಹೋಗಿ ಅವಳ ಪಕ್ಕದಲ್ಲಿ ಒತ್ತರಿಸಿಕೊಂಡು ಕೂತೆ. ದಡ ಮುಟ್ಟುವವರೆಗೂ ಆ ಸೀಟು ಖಾಲಿಯೇ ಇತ್ತು.