ಪ್ಲಮ್ ಮರವನ್ನು ಬಳಸಿ ಬಂದ ಬೆಳಕು

ಅಕ್ಕಾ,

ರೊಡೋಪೆ ಬೆಟ್ಟದಲ್ಲಿ ಮೋಡ ನಮ್ಮ ಮೊಣಕಾಲಿನ ಕೆಳಗೇ ಓಡಾಡುತ್ತದೆ. ಕಡಲ ದಂಡೆಯಲ್ಲಿ ಬೆಳೆದ ನನಗೆ ಬೆಟ್ಟವೇ ತೇಲಿಹೋಗುತ್ತಿದೆ ಅನ್ನಿಸುತ್ತದೆ. ದೇಶದ ವಿಶ್ವವಿದ್ಯಾಲಯ, ಶಾಲೆಗಳನ್ನೆಲ್ಲ ಜೋಡಿಸುವ ಗಾಜಿನೆಳೆಯ ಕೇಬಲನ್ನು ಇಲ್ಲಿನ ನಕ್ಷತ್ರ ವೀಕ್ಷಣಾಲಯಕ್ಕೆ ಎಳೆಯುತ್ತಿದ್ದೆವು. ನಕ್ಷೆಯಂತೆ ನೆಲ ಅಗೆಯುತ್ತ ಹೋದರೆ ನಡುದಾರಿಯಲ್ಲಿ ಹೂಬಿಟ್ಟ ಪ್ಲಮ್ ಮರ. ಕೊಂಬೆ ಕೊಂಬೆಗೂ ಊರಿನವರು ಆಸೆ ಹೇಳಿಕೊಂಡು ಕಟ್ಟಿದ ಮಾರ್ಚ್ ತಿಂಗಳ ಕೆಂಪು-ಬಿಳಿ ದಾರ. ಸ್ತಮೆನಾ ಎಂಬ ಅಜ್ಜಿ ಕಾಂಡ ತಬ್ಬಿ ನಿಂತಳು: "ಊರಿನ ಆಸೆಯೆಲ್ಲ ಇದರ ಮೇಲಿದೆ. ಕಡೀರಿ ನೋಡೋಣ!"

ನಮ್ಮ ಮೇಸ್ತ್ರಿ ಸ್ಪಾಸ್ ಟೋಪಿ ತೆಗೆದ. "ನಕ್ಷೆ ಬರೆದೋನು ಹೂ ಬಿಡೋ ಕಾಲಕ್ಕೆ ಇಲ್ಲಿಗೆ ಬಂದಿಲ್ಲ ಕಣಜ್ಜಿ. ಲೋ, ಸುತ್ತು ಹಾಕ್ರೋ!"

ಸುತ್ತು ಹಾಕಿದ್ದಕ್ಕೆ ವೀಕ್ಷಣಾಲಯದ ಬಾಗಿಲಲ್ಲಿ ಕೇಬಲ್ ಒಂದು ಮಾರು ಸಾಲದೆ ಹೋಯಿತು. ಅಲ್ಲಿನ ವಿಜ್ಞಾನಿ ವಿಯೋಲಿನಾ ಮೇಡಂ ನಕ್ಕುಬಿಟ್ಟರು: "ಮರ ಅಲ್ಲೇ ಇರ್ಲಿ. ಕೇಬಲ್ ಸೇರಿಸೋ ನಮ್ಮ ಪೆಟ್ಟಿಗೇನ ಹೊಸ್ತಿಲಿಗೆ ತಳ್ಳಿ!" ತಳ್ಳಿದೆವು. ನಾನು ಎಳೆ ಬೆಸೆದೆ, ಬೆಳಕು ಹರಿಯಿತು.

ಕೆಮ್ಮು ವಾಸಿ. ನೀನು ಕೊಟ್ಟ ಲಿಂಡನ್ ಹೂವಿನ ಚಹಾ ಮುಗಿದಿದೆ, ಕಳಿಸು. ನನ್ನ ಕೈಗೆ ನೀನು ಕಟ್ಟಿದ್ದ ದಾರವನ್ನೂ ಇವತ್ತು ವಸಂತದ ಮೊದಲ ಕೊಕ್ಕರೆ ಕಂಡೊಡನೆ ನಮ್ಮ ವಾಡಿಕೆಯಂತೆ ಬಿಚ್ಚಿ ಆ ಮರಕ್ಕೇ ಕಟ್ಟಿದೆ. ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಈ ಕೇಬಲಿನಲ್ಲಿ ಹಾದು ನಿನ್ನ ತರಗತಿಯ ಪರದೆಯ ಮೇಲೆ ಶನಿಯ ಬಳೆ ಮೂಡಿದಾಗ ಮಕ್ಕಳಿಗೆ ಹೇಳು: ಅಷ್ಟು ದೂರದಿಂದ ನೆಟ್ಟಗೆ ಬಂದ ಬೆಳಕು ಈ ಬೆಟ್ಟದಲ್ಲಿ ಒಂದು ಪ್ಲಮ್ ಮರಕ್ಕೆ ಮಾತ್ರ ದಾರಿ ಬಿಟ್ಟುಕೊಟ್ಟಿತು ಅಂತ.

ತಮ್ಮ,
ಬೋಯನ್